ನಾಲ್ಕನೇ ಕ್ವಾರ್ಟರ್ ಬಗ್ಗೆ ನಾನು ಹೇಳದೆ ಉಳಿಸಿಕೊಂಡದ್ದು

ಅರಸೀಕೆರೆಯ ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನವರು ನನ್ನ ತಮ್ಮನನ್ನೂ ಇನ್ನೊಬ್ಬ ಹುಡುಗನನ್ನೂ ಬೇಲೂರು ತಂಡಕ್ಕೆ ಕೊಟ್ಟು, ಅವರ ಬದಲಿಗೆ ಮೂವತ್ತಾರು ದಾಟಿದ ಒಬ್ಬ ಹೆಸರುವಾಸಿ ಆಟಗಾರನನ್ನು ತಂದರು. ಆ ವರ್ಷ ಅರಸೀಕೆರೆಗೆ ಕಪ್ ಬಂತು. ಆ ವರ್ಷವೇ ನನ್ನ ತಮ್ಮ ಸತ್ತ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ಎಲ್ಲರೂ ಹೇಳಿದರು. ಅದು ನನಗೂ ಗೊತ್ತು. ಅವನು ಸತ್ತದ್ದು ಡೆಂಗಿ ಜ್ವರದಿಂದ. ಆದರೆ ಸೊಳ್ಳೆಯ ಮೇಲೆ ಸೇಡು ತೀರಿಸಿಕೊಳ್ಳಲು ಆಗುವುದಿಲ್ಲ. ಮನುಷ್ಯರ ಮೇಲೆ ಆಗುತ್ತದೆ.

ನಮ್ಮ ಕಡೆಯ ಟೂರ್ನಮೆಂಟಿನಲ್ಲಿ ಒಂದು ನಿಯಮವಿದೆ. ಒಂದು ಕ್ಲಬ್ಬಿನಲ್ಲಿ ಹೆಸರು ಬರೆಸಿದವನು ಇನ್ನೊಂದಕ್ಕೆ ಆಡಬೇಕಾದರೆ ಮೊದಲಿನವರು ಬಿಡುಗಡೆ ಪತ್ರ ಕೊಡಬೇಕು. ಪತ್ರ ಸಿಗದಿದ್ದರೆ ಆ ವರ್ಷ ಅವನು ಎಲ್ಲಿಯೂ ಆಡುವ ಹಾಗಿಲ್ಲ. ಹೀಗಾಗಿ ಕ್ಲಬ್ಬುಗಳ ನಡುವೆ ಅದಲುಬದಲಾಗುವುದು ಪತ್ರಗಳು. ಅಧ್ಯಕ್ಷರು ಅಧ್ಯಕ್ಷರಿಗೆ ಫೋನ್ ಮಾಡುತ್ತಾರೆ, ಪತ್ರ ಹೋಗುತ್ತದೆ, ಅದರ ಹಿಂದೆ ಆಟಗಾರ ಹೋಗುತ್ತಾನೆ. ಅವನನ್ನು ಕೇಳುವ ಪದ್ಧತಿ ಇಲ್ಲ.

ನಾನು ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆ. ಓದಿದ್ದು ಪಿಯುಸಿ. ಅಕ್ಷರ ಗುಂಡಗಿದೆ ಎಂದು ಕ್ಲಬ್ಬಿನ ಪತ್ರಗಳನ್ನೆಲ್ಲ ನನ್ನಿಂದಲೇ ಬರೆಸುತ್ತಿದ್ದರು. ತಮ್ಮನ ಬಿಡುಗಡೆ ಪತ್ರವನ್ನು ಬರೆದವಳೂ ನಾನೇ. ‘ಸದರಿ ಆಟಗಾರನನ್ನು ಬಿಟ್ಟುಕೊಡಲು ನಮ್ಮ ಅಭ್ಯಂತರ ಇರುವುದಿಲ್ಲ’ ಎಂದು ಅಧ್ಯಕ್ಷರು ಹೇಳಿದರು, ನಾನು ಬರೆದೆ, ಅವರು ಸಹಿ ಮಾಡಿ ಸೀಲು ಒತ್ತಿದರು.

ಅಧ್ಯಕ್ಷರದು ಕೊಬ್ಬರಿ ಮಂಡಿ. ಕೆಟ್ಟವರೆಂದು ಊರಿನಲ್ಲಿ ಯಾರೂ ಹೇಳುವುದಿಲ್ಲ. ಅಂಕಣಕ್ಕೆ ಸಿಮೆಂಟ್ ಹಾಕಿಸಿದ್ದು ಅವರೇ, ಲೈಟ್ ಹಾಕಿಸಿದ್ದೂ ಅವರೇ. ಹೊಸ ಆಟಗಾರ ಬಂದ ಸಂಜೆ ಅಂಕಣದ ಮೆಟ್ಟಿಲ ಮೇಲೆ ಎಲ್ಲರ ಮುಂದೆ ಹೇಳಿದರು:

“ಎರಡು ಎಳನೀರು ಕೊಟ್ಟು ಒಂದು ಕೊಬ್ಬರಿ ಗಿಟುಕು ತಂದಿದ್ದೀನಿ ಕಣ್ರಯ್ಯ. ಎಳನೀರು ಇವತ್ತು ಕುಡುದ್ರೆ ನಾಳೆ ತಿಪ್ಪೆಗೆ. ಗಿಟುಕು ಹಂಗಲ್ಲ, ಅಟ್ಟದ ಮೇಲೆ ಕೂತು ಒಣಗಿ ಬೆಲೆ ಕಟ್ಕೊಂಡಿರೋದು!”

ಎಲ್ಲರೂ ನಕ್ಕರು. ತಮ್ಮನೂ ಅಲ್ಲೇ ಇದ್ದ, ತನ್ನ ಶೂ ತೆಗೆದುಕೊಂಡು ಹೋಗಲು ಬಂದಿದ್ದ. ಅವನೂ ನಕ್ಕ. ಆ ನಗು ನನಗೆ ಈಗಲೂ ಕಾಣುತ್ತದೆ. ಬೈಸಿಕೊಂಡವನು ಬೈದವರ ಜೊತೆ ಸೇರಿ ನಗುವ ನಗು ಅದು.

ಅವನು ಇಲ್ಲಿ ಬೈಕ್ ಸರ್ವೀಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ವಾರಕ್ಕೆ ಮೂರು ದಿನ ಬೇಗ ಬಿಡಿಸಿಕೊಂಡು, ಜಾವಗಲ್ ಮೇಲೆ ಹಳೇಬೀಡು ದಾಟಿ ಬೇಲೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದ. ಅಲ್ಲಿ ಬಿಕ್ಕೋಡಿನ ಇಬ್ಬರು ಆಟಗಾರರ ರೂಮಿನಲ್ಲಿ ಮಲಗಿ ಬೆಳಗಿನ ಬಸ್ಸಿಗೆ ಬರುತ್ತಿದ್ದ. ಅಲ್ಲಿ ಅವನನ್ನು ಆಡಿಸುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ದುಬಾರಿ ಆಟಗಾರನ ಭಾರ ಇಳಿಸುವುದು. ಬಂದ ಹುಡುಗರು ಲೆಕ್ಕಕ್ಕೆ ಮಾತ್ರ.

“ಅಕ್ಕ, ಅಲ್ಲಿ ನನ್ನ ಏನಂತ ಕರೀತಾರೆ ಗೊತ್ತಾ?” ಎಂದ ಒಂದು ಭಾನುವಾರ, ಮುದ್ದೆ ಮುರಿಯುತ್ತಾ. “ಚಿಲ್ರೆ. ದೊಡ್ಡ ನೋಟು ಕೊಟ್ಟಾಗ ವಾಪಸ್ ಬರುತ್ತಲ್ಲ, ಆ ಚಿಲ್ರೆ.”

“ನೀನೇನಂದೆ?”

“ಏನನ್ಲಿ? ಚಿಲ್ರೆ ಇಲ್ದಿದ್ರೆ ಬಸ್ಸಲ್ಲಿ ಕಂಡಕ್ಟರ್ ಹತ್ತುಸ್ಕೊಳಲ್ಲ ಅಂದೆ.”

ಅವನಿಗೆ ಮಾತು ಬರುತ್ತಿತ್ತು. ನನಗೆ ಬರುವುದಿಲ್ಲ.

ಜ್ವರ ಬಂದದ್ದನ್ನು ಅವನು ನಾಲ್ಕು ದಿನ ಹೇಳಲಿಲ್ಲ. ಒಮ್ಮೆ ರಜೆ ಹಾಕಿದರೆ ಬೆಂಚಿನ ಜಾಗವೂ ಹೋಗುತ್ತದೆ ಎಂದು ಹೆದರಿದ್ದ. ಅದನ್ನು ಹಾಸನದ ಆಸ್ಪತ್ರೆಯಲ್ಲಿ ನನಗೆ ಹೇಳಿದ. ಅದಾದ ಮೇಲೆ ಹೆಚ್ಚು ಮಾತಾಡಲಿಲ್ಲ. ಇಪ್ಪತ್ಮೂರು ವರ್ಷ.

ಮೂರನೆಯ ದಿನ ಅಧ್ಯಕ್ಷರು ನಾಲ್ಕು ಜನರೊಂದಿಗೆ ನಮ್ಮ ಮನೆಗೆ ಬಂದರು. ನಮ್ಮದು ಬೌದ್ಧರ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಆಗಲೇ ತಮ್ಮನ ಫೋಟೋ. ಅವರು ಹಾರ ಹಾಕಿ ಕೈಮುಗಿದು ಹೊಸಿಲ ಹತ್ತಿರವೇ ಕುಳಿತರು. ಅಮ್ಮ ಕಾಫಿ ಕೊಟ್ಟಳು. ಐದು ಲೋಟಗಳೂ ಹಾಗೇ ಉಳಿದವು. ಕಾರಣ ಸೂತಕವಲ್ಲ, ಜಾತಿ ಎಂದು ನನಗೆ ಗೊತ್ತಿದೆ, ಅಮ್ಮನಿಗೂ ಗೊತ್ತಿತ್ತು, ಅವಳು ಕೆನೆಗಟ್ಟಿದ ಕಾಫಿಯನ್ನು ಒಂದೊಂದಾಗಿ ಬಚ್ಚಲಿಗೆ ಚೆಲ್ಲಿ ಲೋಟ ತೊಳೆದಳು. ಅಷ್ಟರಲ್ಲಿ ಅಧ್ಯಕ್ಷರು ಅಂಗಳದಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದರು: “ಇವತ್ತು ಪ್ರಾಕ್ಟೀಸ್ ನಿಲ್ಲುಸ್ಬೇಡಿ, ಸೆಮಿಫೈನಲ್ ಐತೆ.”

ವಾರದ ಮೇಲೆ ಆ ಹಿರಿಯ ಆಟಗಾರ ಬಂದರು, ಒಬ್ಬರೇ, ಬಸ್ಸಿನಲ್ಲಿ. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದು ಚಾಪೆಯ ಮೇಲೆ ಕುಳಿತರು. ಕಾಫಿ ಕುಡಿದರು, ಅಮ್ಮ ಬಡಿಸಿದ್ದನ್ನು ಉಂಡರು. “ನನ್ನ ಜಾಗಕ್ಕೆ ಹೋದ ಹುಡುಗ,” ಎಂದರು. ಇದನ್ನು ಇಲ್ಲಿ ಬರೆಯದಿದ್ದರೆ ಮುಂದೆ ನಾನು ಮಾಡಿದ್ದು ನಿಮಗೆ ಪೂರ್ತಿ ತಿಳಿಯುವುದಿಲ್ಲ.

ಮರುವರ್ಷ ಕ್ಲಬ್ಬಿನವರು ನನ್ನನ್ನು ಸಮಿತಿಗೆ ಸೇರಿಸಿಕೊಂಡರು, ಅನುಕಂಪದ ಮೇಲೆ ನೌಕರಿ ಕೊಡುವ ಹಾಗೆ. ಬೇಡ ಎನ್ನಬಹುದಿತ್ತು. ಹತ್ತಿರ ಇರಬೇಕು ಎಂದು ಒಪ್ಪಿಕೊಂಡೆ.

ಇನ್ನೊಂದು ಕೆಲಸವನ್ನೂ ನಾನು ಬಿಟ್ಟಿರಲಿಲ್ಲ. ಪಂದ್ಯದ ಸ್ಕೋರ್ ಶೀಟ್ ಬರೆಯುವುದನ್ನು ತಮ್ಮ ನನಗೆ ಕಲಿಸಿದ್ದ. ಯಾರು ಯಾವಾಗ ಎಷ್ಟು ಹೊಡೆದರು ಎಂಬುದೆಲ್ಲ ಅದರಲ್ಲಿರುತ್ತದೆ. ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್ ಸೇರಿದರೆ ಒಂದು ಪಂದ್ಯ. ಮೊದಲ ಮತ್ತು ಮೂರನೇ ಕ್ವಾರ್ಟರ್ ಕೆಂಪು ಪೆನ್ನಿನಲ್ಲಿ, ಎರಡನೆಯದು ಮತ್ತು ನಾಲ್ಕನೆಯದು ನೀಲಿಯಲ್ಲಿ. ಇದನ್ನು ತಪ್ಪಿಲ್ಲದೆ ಬರೆಯುವವರು ಈ ಸುತ್ತಿನಲ್ಲಿ ಮೂರು ನಾಲ್ಕು ಜನ ಮಾತ್ರ. ಹಾಗಾಗಿ ಯಾವ ತಂಡದ ಪಂದ್ಯಕ್ಕಾದರೂ ನನ್ನನ್ನು ಕರೆಯುತ್ತಿದ್ದರು. ಒಂದೇ ವರ್ಷದ ಕರಾರಾದ್ದರಿಂದ, ಕಪ್ ಗೆದ್ದ ವರ್ಷ ಮುಗಿದ ಮೇಲೆ ಆ ಹಿರಿಯ ಆಟಗಾರ ಬೇಲೂರಿಗೇ ಹಿಂದಿರುಗಿದ್ದರು. ಅವರ ಮುಂದಿನ ಎರಡು ವರ್ಷದ ಬಹಳಷ್ಟು ಪಂದ್ಯಗಳನ್ನು ಬರೆದವಳು ನಾನು. ಶೀಟುಗಳ ಪ್ರತಿ ನನ್ನ ಬೀರುವಿನಲ್ಲಿ ಇರುತ್ತಿತ್ತು.

ಎರಡನೇ ವರ್ಷ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವರ ಹೆಸರಿನ ಮುಂದೆ ಕೆಂಪು ತುಂಬಿರುತ್ತಿತ್ತು, ನೀಲಿಯೂ ಅರ್ಧದವರೆಗೆ ಇರುತ್ತಿತ್ತು. ಕೊನೆಯ ನೀಲಿ, ಅಂದರೆ ನಾಲ್ಕನೇ ಕ್ವಾರ್ಟರ್, ಖಾಲಿ. ಒಂದು ಪಂದ್ಯದಲ್ಲಿ ಖಾಲಿಯಾದರೆ ಆಕಸ್ಮಿಕ. ನಾನು ಹಳೆಯ ಶೀಟುಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ನೋಡಿದೆ. ಎಲ್ಲದರಲ್ಲೂ ಹಾಗೇ. ಮೂವತ್ತು ನಿಮಿಷ ಅವರು ಯಾವ ಹುಡುಗನಿಗೂ ಕಡಿಮೆ ಇರಲಿಲ್ಲ. ಕೊನೆಯ ಹತ್ತು ನಿಮಿಷ ಅಂಕಣದಲ್ಲಿ ಇರುತ್ತಿದ್ದರು, ಅಷ್ಟೇ. ಕಾಲಿನ ಮಂಡಿ ಹೋಗಿತ್ತು. ಬೇಲೂರಿನ ಕೋಚ್ ಚಾಲಾಕಿ. ಹೊತ್ತುಹೊತ್ತಿಗೆ ಕೂರಿಸಿ ಎಬ್ಬಿಸಿ ಅದು ಯಾರಿಗೂ ಕಾಣದಂತೆ ನೋಡಿಕೊಂಡಿದ್ದ.

ಆ ವರ್ಷದ ಪಂದ್ಯಗಳು ಮುಗಿದ ಮೇಲಿನ ಸಮಿತಿ ಸಭೆಯಲ್ಲಿ ಅಧ್ಯಕ್ಷರು ಹೇಳಿದರು, ಅವರನ್ನು ಮತ್ತೆ ತರೋಣ. ಬೇಲೂರಿನವರು ಕೊಡಲು ತಯಾರಿದ್ದಾರೆ. ಬದಲಿಗೆ ಗಂಡಸಿ ಊರಿನ ಹುಡುಗನನ್ನು ಕೇಳುತ್ತಿದ್ದಾರೆ. ಜೊತೆಗೆ ಆಟಗಾರನಿಗೆ ತಿಂಗಳಿಗೆ ಕೊಡಬೇಕಾದ್ದನ್ನು ನಾವು ಕೊಡಬೇಕು.

ಗಂಡಸಿಯ ಹುಡುಗ ಎಂದರೆ ಇಪ್ಪತ್ತೆರಡರ ತೆಳ್ಳನೆಯವನು, ನಮ್ಮ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವನು. ಬೆಳಿಗ್ಗೆ ಹಾಲಿನ ಡೈರಿಗೆ ಕ್ಯಾನ್ ಹಾಕಿ ನಂತರ ಪ್ರಾಕ್ಟೀಸಿಗೆ ಬರುತ್ತಿದ್ದ.

ಸಭೆ ನಡೆದದ್ದು ಕೊಬ್ಬರಿ ಮಂಡಿಯ ಹಿಂದಿನ ಕೋಣೆಯಲ್ಲಿ, ಭಾನುವಾರ ಬೆಳಿಗ್ಗೆ. ನಮ್ಮ ಕೋಚ್ ನಿವೃತ್ತ ರೈಲ್ವೆ ನೌಕರರು, ಅಧ್ಯಕ್ಷರ ಮುಂದೆ ಎದುರು ಮಾತಾಡುವವರು ಅವರೊಬ್ಬರೇ.

“ಬೇಲೂರೋರು ಅಷ್ಟು ಸಲೀಸಾಗಿ ಯಾಕೆ ಬಿಟ್ಕೊಡ್ತಾವ್ರೆ? ಅದನ್ನ ಮೊದ್ಲು ಯೋಚ್ನೆ ಮಾಡಿ,” ಎಂದರು ಕೋಚ್.

“ಅವ್ರಿಗೆ ದುಡ್ಡಿನ ತಾಪತ್ರಯ ಕಣ್ರೀ.”

“ನಮಗಿಲ್ವಾ? ಆ ದುಡ್ಡಲ್ಲಿ ಹನ್ನೆರಡು ಜನಕ್ಕೆ ಶೂ ಬರುತ್ತೆ. ವರ್ಷಪೂರ್ತಿ ಬಸ್ ಚಾರ್ಜ್ ಬರುತ್ತೆ. ಆ ಹುಡುಗ ಇನ್ನೂ ಹತ್ತು ವರ್ಷ ಆಡ್ತಾನೆ ಸಾರ್. ಇವ್ರು ಒಂದು ವರ್ಷ.”

“ಹತ್ತು ವರ್ಷ ಸೋಲೋದಕ್ಕಿಂತ ಒಂದು ವರ್ಷ ಗೆಲ್ಲೋದು ವಾಸಿ. ಹೋದ್ ಸಲ ತಂದಾಗ ಕಪ್ ಬಂತೋ ಇಲ್ವೋ? ಜನ ಬಂದ್ರೋ ಇಲ್ವೋ? ಅಂಗಡಿಯೋರು ಬ್ಯಾನರ್ ಕೊಟ್ರೋ ಇಲ್ವೋ? ನಿಮ್ಮ ಗಂಡಸಿ ಹುಡುಗನ ಮುಖ ಹಾಕಿದ್ರೆ ಯಾವನ್ರೀ ಬ್ಯಾನರ್ ಕೊಡ್ತಾನೆ?”

“ಗಿಟುಕು ಅಂತ ತರ್ತೀರ. ಒಡುದ್ ಮೇಲೆ ಒಳಗೆ ಕೌಟಾಗಿ ಕಮಟು ವಾಸ್ನೆ ಹೊಡುದ್ರೆ?”

“ಕೊಬ್ರಿ ವಿಷ್ಯ ನಂಗೆ ಹೇಳ್ಕೊಡ್ತೀರಾ ನೀವು?” ಅಧ್ಯಕ್ಷರು ನಕ್ಕು, ನನ್ನ ಕಡೆ ತಿರುಗಿದರು. “ಏನಮ್ಮ, ಶೀಟ್ ಬರೆಯೋಳು ನೀನು. ಹೋದ್ ವರ್ಷ ಎಷ್ಟು ಹೊಡ್ದಿದಾನೆ ಹೇಳು.”

ಶೀಟುಗಳು ನನ್ನ ಚೀಲದಲ್ಲೇ ಇದ್ದವು. ಪ್ರಶ್ನೆ ಬರುತ್ತದೆ ಎಂದು ತಿಳಿದು ತಂದಿದ್ದೆ. ತೆಗೆಯಲಿಲ್ಲ.

“ಪಂದ್ಯಕ್ಕೆ ಹತ್ತೊಂಬತ್ತು ಸಾರ್.”

“ಕೇಳುದ್ರಾ? ಹತ್ತೊಂಬತ್ತು! ನಿಮ್ ಹುಡುಗಂದು?”

“ಒಂಬತ್ತು,” ಎಂದೆ.

ಕೋಚ್ ಏನೋ ಕೇಳಲು ಬಾಯಿ ತೆರೆದರು, ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಅಧ್ಯಕ್ಷರು ಮೇಜಿನ ಮೇಲೆ ಕೈ ಬಡಿದು, “ಕೈ ಎತ್ರಯ್ಯ,” ಎಂದರು. ನಾನು ಕೈ ಎತ್ತಿದೆ. ಕೋಚ್ ಒಬ್ಬರು ಎತ್ತಲಿಲ್ಲ.

ನಾನು ಸುಳ್ಳು ಹೇಳಿರಲಿಲ್ಲ. ಹತ್ತೊಂಬತ್ತು ಎಂಬುದು ನಿಜವೇ. ಮನೆಗೆ ಬಂದು ಎಂದಿನಂತೆ ಬುದ್ಧನ ಪಟದ ಮುಂದೆ ದೀಪ ಹಚ್ಚಿದೆ. ಕ್ಷಮೆಯ ಮಾತನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕಂದಿನಿಂದ ಕೇಳಿದ್ದೇನೆ, ತಮ್ಮನ ಹೆಸರಿನಲ್ಲಿ ಪುಣ್ಯಾನುಮೋದನೆಯ ಪ್ರಾರ್ಥನೆ ಮಾಡಿಸಿದ ದಿನ ಸೋದರಮಾವ ಮತ್ತೊಮ್ಮೆ ಹೇಳಿದ್ದಾರೆ. ಆ ದಿನ ದೀಪ ಹಚ್ಚುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಆ ಕೊಬ್ಬರಿ ಮಂಡಿಯ ಮನುಷ್ಯ ಎಲ್ಲರ ಮುಂದೆ ತಾನು ತಂದ ಸರಕಿನಿಂದಲೇ ನಗೆಪಾಟಲಾಗಬೇಕು.

ಗಂಡಸಿಯ ಹುಡುಗನ ಪತ್ರವನ್ನು ನಾನೇ ಬರೆದೆ. ಅವನು ಅದನ್ನು ತೆಗೆದುಕೊಳ್ಳಲು ಶಾಲೆಯ ಆಫೀಸಿಗೆ ಬಂದ. ಎರಡು ಸಲ ಓದಿದ.

“ಅಕ್ಕ, ಅಭ್ಯಂತರ ಇಲ್ಲ ಅಂದ್ರೆ ಇವ್ರಿಗೆ ನಾನು ಬ್ಯಾಡ ಅಂತಾನಾ?”

“ಹಂಗೇ ಅಂದ್ಕೋ.”

“ಅಲ್ಲಿ ಆಡುಸ್ತಾರಾ?”

ತಮ್ಮನಿಗೆ ಹೇಳಲಾಗದ್ದನ್ನು ಇವನಿಗೆ ಹೇಳಿದೆ. “ಅವರಾಗೇ ಆಡ್ಸಲ್ಲ. ಬೇಲೂರು ಕೋಚ್ ಹತ್ರ ಹೋಗಿ ಹೇಳು, ಅರಸೀಕೆರೆ ಮೇಲೆ ಕೊನೇ ಹತ್ತು ನಿಮಿಷ ಮಾತ್ರ ನನ್ನ ಇಳ್ಸಿ ಅಂತ. ಆ ಹಿರಿಯರ ಎದುರಿಗೇ ನಿಂತ್ಕೋ. ನಿಲ್ಲಬೇಡ, ಓಡ್ತಾನೇ ಇರು. ಅವರ ಕೈಲಿ ಓಡೋಕಾಗಲ್ಲ.”

ಅವನು ನನ್ನನ್ನೇ ನೋಡಿದ. “ನೀವು ನಮ್ ಕ್ಲಬ್ಬಲ್ವಾ ಅಕ್ಕ?”

“ನಿನ್ನ ಪತ್ರ ಬರೆದಾಯ್ತಲ್ಲ. ಇನ್ನು ನಿಂಗ್ಯಾವ ನಮ್ ಕ್ಲಬ್ಬು?”

ಶೀಟ್ ಬರೆಯುವವರು ಯಾರ ಕಡೆಯೂ ಇರಬಾರದು. ತಮ್ಮ ನನಗೆ ಕಲಿಸಿದ ಮೊದಲನೆಯ ಪಾಠ ಅದು. ಗೊತ್ತಿದ್ದೇ ಮುರಿದೆ.

ಆ ವರ್ಷ ಸಣ್ಣ ತಂಡಗಳ ಮೇಲೆ ಅರಸೀಕೆರೆ ಮೂರನೇ ಕ್ವಾರ್ಟರ್ ಹೊತ್ತಿಗೇ ಗೆದ್ದಿರುತ್ತಿತ್ತು. ಕೊನೆಯದರಲ್ಲಿ ಏನಾಗುತ್ತಿದೆ ಎಂದು ಯಾರೂ ನೋಡಲಿಲ್ಲ. ಫೈನಲ್ ಹಳೇಬೀಡಿನ ಶಾಲಾ ಮೈದಾನದಲ್ಲಿ, ಸಂಕ್ರಾಂತಿ ಕಳೆದ ಒಂದು ಭಾನುವಾರ ಮಧ್ಯಾಹ್ನ. ಎದುರಿಗೆ ಬೇಲೂರು. ಹಗರೆ ಕಡೆಯಿಂದಲೂ ಜನ ಟೆಂಪೋ ಮಾಡಿಕೊಂಡು ಬಂದಿದ್ದರು. ದೇವಸ್ಥಾನ ನೋಡಲು ಬಂದ ಯಾರೋ ಕೆಲವರು ಐಸ್‌ಕ್ರೀಮ್ ತಿನ್ನುತ್ತಾ ಕಾಂಪೌಂಡ್ ಹತ್ತಿರ ನಿಂತಿದ್ದರು. ಅಧ್ಯಕ್ಷರು ಬಿಳಿ ಅಂಗಿ ಹಾಕಿಕೊಂಡು ನಮ್ಮ ಬೆಂಚಿನ ಪಕ್ಕ ಕುರ್ಚಿ ಹಾಕಿಸಿಕೊಂಡಿದ್ದರು.

ಮೂರು ಕ್ವಾರ್ಟರ್ ಮುಗಿದಾಗ ನಾವು ಹನ್ನೆರಡು ಪಾಯಿಂಟ್ ಮುಂದೆ. ನಾನು ಕೆಂಪು ಪೆನ್ನು ಮುಚ್ಚಿ ನೀಲಿ ತೆಗೆದೆ. ಬೇಲೂರಿನ ಬೆಂಚಿನಿಂದ ಗಂಡಸಿಯ ಹುಡುಗ ಎದ್ದ.

ಅವನು ಹೇಳಿದ ಹಾಗೇ ಮಾಡಿದ. ಚೆಂಡು ಕೈಯಲ್ಲಿದ್ದರೂ ಓಡಿದ, ಇಲ್ಲದಿದ್ದರೂ ಓಡಿದ. ಹಿರಿಯರು ಮೊದಲ ಎರಡು ನಿಮಿಷ ಅವನ ಜೊತೆ ಓಡಿದರು. ಆಮೇಲೆ ನಡೆದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಕೂರ್ಸಣ ಸಾರ್, ಎರಡೇ ನಿಮಿಷ,” ಎಂದರು ಕೋಚ್.

“ಅಷ್ಟು ದುಡ್ಡು ಸುರಿದು ತಂದಿರೋದು ಬೆಂಚಲ್ಲಿ ಕೂರ್ಸಕ್ಕೇನ್ರೀ? ಆಡ್ಲಿ!”

ಬಯ್ಯಲು ಶುರು ಮಾಡಿದವರು ಬೇಲೂರಿನವರಲ್ಲ, ನಮ್ಮವರೇ. “ಏಯ್ ತಾತ, ಮಂಡಿಗೆ ಗ್ರೀಸ್ ಹಾಕ್ಕೊಂಡ್ ಬಾ!” “ಏನ್ಲಾ ಇದು, ಮ್ಯೂಸಿಯಂ ಇಲ್ಲೇ ಐತಲ್ಲ, ಇಟ್ಬುಟ್ ಹೋಗಣ ಕಣ್ಲಾ!” ಆಮೇಲೆ ಬೈಗಳು ಕುರ್ಚಿಯ ಕಡೆ ತಿರುಗಿದವು. “ಅಧ್ಯಕ್ಷರೇ, ಎಲ್ಲಿಂದ ತಂದ್ರಿ ಈ ಕೌಟು ಕೊಬ್ರಿನ?” ಒಬ್ಬ ಕೂಗಿದ್ದೇ ತಡ, ಮೈದಾನವೆಲ್ಲ ಹಿಡಿದುಕೊಂಡಿತು. “ಕೌಟು! ಕೌಟು!” ಬಿಳಿ ಅಂಗಿಯ ಮನುಷ್ಯ ಯಾರನ್ನೂ ನೋಡದೆ ನೆಲ ನೋಡುತ್ತಾ ಕುಳಿತರು. ನಾನು ಅಂಕಿ ಬರೆಯುತ್ತಲೇ ಅವರನ್ನು ನೋಡಿದೆ. ಅಷ್ಟು ಸುಖ ನನಗೆ ಬಹಳ ವರ್ಷದಿಂದ ಆಗಿರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಮೂರು ಪಾಯಿಂಟಿನಲ್ಲಿ ಸೋತೆವು.

ಪಂದ್ಯ ಮುಗಿದ ಮೇಲೆ ಹಿರಿಯರು ಮಂಡಿಗೆ ಐಸ್ ಕಟ್ಟಿಕೊಂಡು ಕುಂಟುತ್ತಾ ನನ್ನ ಮೇಜಿನ ಹತ್ತಿರ ಬಂದರು. ಶೀಟನ್ನು ನೋಡಿ, ತಮ್ಮ ಹೆಸರಿನ ಮುಂದೆ ಬೆರಳಿಟ್ಟು, ಕೊನೆಯವರೆಗೆ ಎಳೆದರು.

“ಸೊನ್ನೆನಾ ಅಕ್ಕ?”

“ಸೊನ್ನೆ.”

“ಸರಿಯಾಗಿ ಬರ್ದಿದೀರ,” ಎಂದು ಹೇಳಿ, ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ನಮ್ಮ ಮನೆಯ ಚಾಪೆಯ ಮೇಲೆ ಕೂತು ಉಂಡವರು ಅವರೊಬ್ಬರೇ. ನನಗೆ ನಾಚಿಕೆಯಾದದ್ದು ಆ ಒಂದು ವಿಷಯಕ್ಕೆ. ಚೆನ್ನಾಗಿದ್ದಾರೆ ಎಂದೆ. ಅವರು ಮುಂದಿನ ವರ್ಷ ಆಡಲಿಲ್ಲ.

ಅಧ್ಯಕ್ಷರು ತಮ್ಮ ಕಾರಿನ ಹತ್ತಿರ ಒಬ್ಬರೇ ನಿಂತಿದ್ದರು. ಅದರಲ್ಲಿ ಕೂತು ಬಂದವರೆಲ್ಲ ಬೇರೆ ಗಾಡಿ ಹತ್ತಿ ಹೋಗಿದ್ದರು. ಗೊತ್ತಾಗದ ಸೇಡು ಅರ್ಧ ಸೇಡು. ನಾನು ಹತ್ತಿರ ಹೋದೆ.

“ಹತ್ತೊಂಬತ್ತು ಅಂದಿದ್ಯಲ್ಲಮ್ಮ,” ಎಂದರು.

“ಹತ್ತೊಂಬತ್ತು ಸರಿಯೇ ಸಾರ್. ಅದರಲ್ಲಿ ಕೊನೇ ಕ್ವಾರ್ಟರಿಂದು ಒಂದೂ ಇರಲಿಲ್ಲ.”

“ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು. ಶೀಟು ಚೀಲದಲ್ಲೇ ಇತ್ತು. ಗಂಡಸಿ ಹುಡುಗನಿಗೂ ನಾನೇ ಹೇಳಿದ್ದು.”

“ಯಾಕಮ್ಮ?”

“ನನ್ನ ತಮ್ಮನ್ನ ಎಳನೀರು ಅಂದ್ರಿ. ಕುಡಿದು ತಿಪ್ಪೆಗೆ ಹಾಕೋದು ಅಂದ್ರಿ.”

ಮರೆತಿರುತ್ತಾರೆ ಎಂದುಕೊಂಡಿದ್ದೆ, ನೆನಪಿಸಿ ಚುಚ್ಚಲು ತಯಾರಾಗಿದ್ದೆ. ಮರೆತಿರಲಿಲ್ಲ. ತಮ್ಮನ ಹೆಸರನ್ನು ಇನಿಷಿಯಲ್ ಸಮೇತ ಹೇಳಿದರು.

“ಅವನ ಪತ್ರ ಬರ್ಸೋವಾಗ ನಿನ್ನ ಕೇಳಿದ್ದೆ ಕಣಮ್ಮ. ನಿಂಗೇನಾದ್ರೂ ಬೇಜಾರೈತಾ ಅಂತ. ಬೇಜಾರಿದ್ರೆ ಬ್ಯಾರೆಯವನ್ನ ಕಳುಸ್ತೀನಿ ಅಂದೆ. ನೀನು, ‘ನೀವು ಹೇಳಿದ್ಮೇಲೆ ಆಯ್ತು ಸಾರ್’ ಅಂದೆ.”

ಇದನ್ನು ನಾನು ಮೊದಲೇ ಬರೆಯಬೇಕಿತ್ತು. ಅವರು ಕೇಳಿದ್ದು ನಿಜ. ಹಾಗೆ ಹೇಳಿದ್ದೂ ನಿಜ. ಪೆನ್ನು ಕೈಯಲ್ಲಿತ್ತು, ಮಂಡಿಯಲ್ಲಿ ನಾಲ್ಕು ಜನ ಕಾಯುತ್ತಿದ್ದರು, ದೊಡ್ಡವರ ಮುಂದೆ ಬೇಡ ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ಮನೆಗೆ ಹೋಗಿ ತಮ್ಮನಿಗೆ, ಅಧ್ಯಕ್ಷರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು ಎಂದೆ. ಅವನು ನಂಬಿದ.

“ನಾನು ಆಯ್ತು ಅಂದೆ ಸಾರ್,” ಎಂದೆ. “ಎಳನೀರು ಅಂತ ನಾನು ಅನ್ನಲಿಲ್ಲ. ಕಾಫಿ ಲೋಟನೂ ನಾನು ಬಿಟ್ಟು ಬರಲಿಲ್ಲ.”

ಅವರು ಕಾರು ಹತ್ತಿದರು. ಬಾಗಿಲು ಹಾಕಿಕೊಳ್ಳುವ ಮೊದಲು, “ಅರಸೀಕೆರೆಗೆ ಬತ್ತೀಯೇನಮ್ಮ, ಜಾಗ ಐತೆ,” ಎಂದರು. ನಾನು ಬಸ್ಸಿಗೆ ಹೋದೆ.

ಮುಂದಿನ ಸಭೆಯಲ್ಲಿ ಅವರು ಆರೋಗ್ಯ ಸರಿಯಿಲ್ಲವೆಂದು ಅಧ್ಯಕ್ಷ ಸ್ಥಾನ ಬಿಟ್ಟರು. ನಾನು ಮಾಡಿದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಎಲ್ಲರ ಮುಂದೆ ಎದ್ದು ನಿಂತು ಕಾಫಿ ಲೋಟದ ಮಾತನ್ನು ಆಡಲು ನಾನು ವಾರವಿಡೀ ತಯಾರಾಗಿದ್ದೆ. ಆ ಅವಕಾಶವನ್ನು ಅವರು ಕೊಡಲಿಲ್ಲ. ಅದೇ ಸಭೆಯಲ್ಲಿ ನಾನು, ಇನ್ನು ಮುಂದೆ ಬಿಡುಗಡೆ ಪತ್ರ ಬರೆಯುವುದಿಲ್ಲ, ಹೋಗಬೇಕಾದವನೇ ಒಪ್ಪಿ ತನ್ನ ಕೈಯಿಂದ ಬರೆಯಲಿ ಎಂದೆ. ಕೋಚ್ ಸರಿ ಎಂದರು. ಹಾಗೇ ನಡೆಯುತ್ತಿದೆ.

ಮೊನ್ನೆ ಸಂತೆಯಲ್ಲಿ ಅಧ್ಯಕ್ಷರಾಗಿದ್ದ ಆ ಮನುಷ್ಯ ಎದುರಾದರು. ಸೊರಗಿದ್ದಾರೆ. “ಚೆನ್ನಾಗಿದ್ದೀಯೇನಮ್ಮ?” ಎಂದು ನಿಂತರು. ನಾನು ಬದನೆಕಾಯಿ ಆರಿಸುತ್ತಿದ್ದೆ. ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಕಾದು ಹೋದರು. ನನ್ನ ತಪ್ಪು ನನಗೆ ಗೊತ್ತಿದೆ, ದಿನವೂ ಅದರ ಜೊತೆಗೇ ಏಳುತ್ತೇನೆ. ಅದು ಇದೆ ಎಂದ ಮಾತ್ರಕ್ಕೆ ಅವರ ತಪ್ಪನ್ನು ಬಿಟ್ಟುಕೊಡಬೇಕಾಗಿಲ್ಲ. ಮುಂದೊಂದು ದಿನ ಉತ್ತರ ಕೊಟ್ಟೇನು. ಈ ವರ್ಷವಂತೂ ಅಲ್ಲ.